ಬೆವರಿನ ಮಬ್ಬು

ಗುರುತುಬಿಲ್ಲೆಯನ್ನು ತೇವ ತಾಗದ ಡಬ್ಬಿಯಲ್ಲಿ ಇಡಬೇಕೆಂದು ಅದರ ಜೊತೆ ಕೊಟ್ಟ ಪುಸ್ತಿಕೆಯ ಹದಿನಾಲ್ಕನೆಯ ಸೂಚನೆಯಲ್ಲಿ ಬರೆದಿತ್ತು. ಇಳಕಲ್ಲಿನ ಕಲ್ಲು ಕ್ವಾರಿಗಳ ಸುತ್ತಲಿನ ಜನ ಒಂದನೆಯ ಸೂಚನೆಯನ್ನೇ ಓದಿರಲಿಲ್ಲ. ಇದು ಕಳೆದರೆ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ, ಕ್ವಾರಿಯ ಗೇಟು ತೆರೆಯುವುದಿಲ್ಲ, ಬಸ್ಸು ಹತ್ತಲು ಆಗುವುದಿಲ್ಲ ಎಂದು ಹಂಚಲು ಬಂದವನು ಬಾಯಲ್ಲಿ ಹೇಳಿದ್ದೇ ಅವರಿಗೆ ಸಾಕಾಯಿತು. ಅಂಥ ವಸ್ತುವನ್ನು ಡಬ್ಬಿಯಲ್ಲಿ ಹಾಕಿ ಮನೆಯಲ್ಲಿಟ್ಟು ಹೋಗುವುದುಂಟೆ? ಗಂಡಸರು ಉಡದಾರಕ್ಕೆ ಕಟ್ಟಿಕೊಂಡರು. ಹೆಂಗಸರು ಕರಿದಾರ ಪೋಣಿಸಿ ತೋಳಿಗೆ ಕಟ್ಟಿಕೊಂಡರು. ವರ್ಷ ತುಂಬುವುದರೊಳಗೆ ಗುರುತುಬಿಲ್ಲೆ ಎಂಬ ಸರ್ಕಾರಿ ಹೆಸರು ಮರೆತುಹೋಗಿ ಎಲ್ಲರ ಬಾಯಲ್ಲೂ ಅದು ತಾಯತವಾಯಿತು.

ಹೀಗೆ ಹದಿನಾರು ವರ್ಷ ಕಳೆದ ಮೇಲೆ ಗುರುತು ಮಂಡಳಿ ಮೊದಲ ಮರುಪರೀಕ್ಷೆಗೆ ಆಜ್ಞೆ ಹೊರಡಿಸಿತು. ಬಿಲ್ಲೆಗಳನ್ನು ಜನರಿಂದ ಪಡೆದು, ಬದಲಿಗೆ ಒಂದು ಚೀಟಿ ಕೊಟ್ಟು, ಮಲಪ್ರಭೆಯ ದಂಡೆಯ ಮೇಲಿದ್ದ ನ್ಯೂಟ್ರಾನ್ ಕೇಂದ್ರಕ್ಕೆ ಕಳಿಸಲಾಯಿತು. ಗೇಟಿನ ಯಂತ್ರಗಳು ಬಿಲ್ಲೆಯ ಮೇಲೆ ಕೊರೆದ ಸಂಖ್ಯೆಯನ್ನಷ್ಟೇ ಓದಬಲ್ಲವು. ಒಳಗಿರುವುದು ಆ ಸಂಖ್ಯೆಯದೇ ಹರಳು ಹೌದೋ ಅಲ್ಲವೋ ಎಂದು ಹೇಳಲು ನ್ಯೂಟ್ರಾನೇ ಬೇಕು.

ಹರಳು ತೊಗರಿಕಾಳಿನಷ್ಟು, ಹಸಿರು ಬಣ್ಣದ್ದು. ಅದರೊಳಗೆ ತಾಮ್ರದ ಪರಮಾಣುಗಳು ಒಂದರ ಹಿಂದೊಂದು ಉದ್ದ ಸಾಲುಗಳಲ್ಲಿ ನಿಂತಿರುತ್ತವೆ. ಒಂದೊಂದೂ ಒಂದು ಪುಟ್ಟ ಅಯಸ್ಕಾಂತ. ಹಿಂದಿನದನ್ನೂ ಮುಂದಿನದನ್ನೂ ಬಿಟ್ಟು ಬೇರೆ ಯಾವುದರ ಜೊತೆಗೂ ಅದಕ್ಕೆ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಹರಳು ಬೆಳೆಸುವಾಗ ಅಲ್ಲಲ್ಲಿ ಸತುವಿನ ಪರಮಾಣು ಸೇರಿಸುತ್ತಾರೆ. ಸತುವಿಗೆ ಕಾಂತಗುಣವಿಲ್ಲ, ಹಾಗಾಗಿ ಅದು ನಿಂತಲ್ಲಿ ಸರಪಳಿ ತುಂಡಾಗುತ್ತದೆ. ಒಂದು ತುಂಡಿನಲ್ಲಿ ಏಳು ಕಾಂತಗಳಿದ್ದರೆ ಇನ್ನೊಂದರಲ್ಲಿ ನಲವತ್ತು. ಎರಡು ಹರಳುಗಳ ತುಂಡುಗಳ ಲೆಕ್ಕ ಎಂದೂ ಒಂದೇ ಬರುವುದಿಲ್ಲ. ನ್ಯೂಟ್ರಾನು ಕೂಡ ಒಂದು ಸಣ್ಣ ಅಯಸ್ಕಾಂತವೇ. ಅದು ಒಳಹೊಕ್ಕು ಸರಪಳಿಯನ್ನು ತಟ್ಟಿದಾಗ ಪ್ರತಿ ತುಂಡೂ ತನ್ನ ಉದ್ದಕ್ಕೆ ತಕ್ಕ ಶಕ್ತಿಯಲ್ಲಿ ಉತ್ತರ ಕೊಡುತ್ತದೆ. ಪರದೆಯ ಮೇಲೆ ಆ ಉತ್ತರಗಳು ಗೆರೆಗಳಾಗಿ ಮೂಡುತ್ತವೆ. ಆ ಗೆರೆಗಳ ಸಾಲೇ ಗುರುತು.

ಇಳಕಲ್ಲಿನಿಂದ ಸಾವಿರದ ಒಂಬೈನೂರು ಬಿಲ್ಲೆಗಳು ಬಂದಿದ್ದವು. ಅವುಗಳಲ್ಲಿ ಮುನ್ನೂರ ಹನ್ನೆರಡರಲ್ಲಿ ಗೆರೆಯೇ ಇರಲಿಲ್ಲ.

“ಇದೂ ಮಬ್ಬ, ಅಕ್ಕಾರ,” ಎಂದ ರಾಜೇಸಾಬ ನದಾಫ. ಇಪ್ಪತ್ತು ವರ್ಷದಿಂದ ಕೇಂದ್ರದಲ್ಲಿ ನ್ಯೂಟ್ರಾನ್ ಕಿರಣದ ಬಾಗಿಲು ತೆರೆದು ಮುಚ್ಚುತ್ತಿದ್ದವನು ಅವನು. “ನೋಡ್ರಿ, ಪರದೆ ತುಂಬ ಬೂದಿ ಚೆಲ್ಲಿದಂಗ ಆಗೇತಿ.”

ಡಾ. ನೀಲಗಂಗಾ ಬಂಡೆಪ್ಪನವರ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೇಂದ್ರದ ದೃಢೀಕರಣ ವಿಜ್ಞಾನಿ ಅವಳು. ಅವಳ ಸಹಿಯಿಲ್ಲದೆ ಯಾವ ಬಿಲ್ಲೆಯನ್ನೂ ‘ನಕಲಿ’ ಎಂದು ರದ್ದು ಮಾಡುವಂತಿಲ್ಲ ಎಂದು ಕಾನೂನಿನಲ್ಲಿತ್ತು. ಮಂಡಳಿ ಆಗಲೇ ಪ್ರಮಾಣಪತ್ರ ಅಚ್ಚು ಹಾಕಿಸಿ ಕಳಿಸಿತ್ತು. ಮುನ್ನೂರ ಹನ್ನೆರಡು ಹೆಸರು, ಕೆಳಗೆ ಸಹಿಗೆ ಜಾಗ. ಒಂದನೆಯ ತಾರೀಕಿಗೆ ರದ್ದು.

“ಇಳಕಲ್ಲಾಗ ಖೊಟ್ಟಿ ತಾಯತ ಮಾಡೋ ಗ್ಯಾಂಗ್ ಐತಂತಲ್ರಿ,” ಎಂದ ರಾಜೇಸಾಬ. “ಮುನ್ನೂರು ಖೊಟ್ಟಿ ಮಾಡೋವಷ್ಟು ಶಾಣ್ಯಾರಿದ್ರ ಅವ್ರು ಕಲ್ಲ್ಯಾಕ ಒಡೀತಿದ್ರು, ಇಲ್ಲೇ ನಮ್ಮ ಜೋಡಿ ನೌಕರಿ ಮಾಡ್ತಿದ್ರು.”

“ಹೆಸರು ಓದ್ರಿ ಕಾಕಾ.”

“ಇನ್ನೂರ ಹದಿನೇಳು. ದುರಗವ್ವ ಯಮನಪ್ಪ ಬಂಡೆಪ್ಪನವರ.” ಓದಿದವನೇ ಅವಳ ಮುಖ ನೋಡಿದ. ಅಡ್ಡಹೆಸರು ಅವನಿಗೂ ಕಂಡಿತ್ತು. “ಅವ್ವಾರೇನ್ರಿ?”

ನೀಲಗಂಗಾ ಹೌದೆಂದಳು.

“ನಮ್ಮಪ್ಪ ಹತ್ತಿ ಹಿಂಜತಿದ್ದ್ರಿ,” ಎಂದ ರಾಜೇಸಾಬ, ಯಂತ್ರದ ಕಡೆ ಮುಖ ಮಾಡಿ. “ಹಿಂಜೂ ಮುಂದ ಮನಿತುಂಬ ಹಿಂಗ ಮಬ್ಬ. ಒಬ್ಬರ ಮಾರಿ ಒಬ್ಬರಿಗೆ ಕಾಣ್ತಿದ್ದಿಲ್ಲ. ಆದ್ರ ಎಲ್ಲಾರೂ ಮನ್ಯಾಗ ಇರ್ತಿದ್ವಿ ಬಿಡ್ರಿ.”

ಮರುದಿನ ರಜೆ ಹಾಕಿ ನೀಲಗಂಗಾ ಊರಿಗೆ ಹೋದಳು.

ದುರಗವ್ವನಿಗೆ ಅರವತ್ತೊಂದು ವರ್ಷ. ಕ್ವಾರಿಯ ಗೇಟಿನ ಎದುರಿನ ಖಾನಾವಳಿಯಲ್ಲಿ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುತ್ತಾಳೆ. ಮಗಳು ಬಂದಾಗಲೂ ಒಲೆಯ ಮುಂದೆಯೇ ಇದ್ದಳು.

“ಬಂದ್ಯಾ? ಕೈ ತೊಳ್ಕೊ. ಬಿಸಿ ರೊಟ್ಟಿ ತಿನ್ನು ಮದ್ಲ, ಆಮ್ಯಾಲ ಸರ್ಕಾರದ ಸುದ್ದಿ ಹೇಳು.”

“ಯವ್ವಾ, ನೀ ತಾಯತ ಎಲ್ಲಿ ಇಡತಿದ್ದಿ?”

“ಎಲ್ಲಿ ಇಡತಾರ? ತೋಳಿಗೆ.” ಬಿಲ್ಲೆ ಪರೀಕ್ಷೆಗೆ ಹೋಗಿದ್ದರೂ ಕರಿದಾರ ತೋಳಿನಲ್ಲಿಯೇ ಇತ್ತು. ಅದರ ಕೆಳಗೆ ಬಿಸಿಲು ಕಾಣದ ಚರ್ಮ ಬಿಲ್ಲೆಯಷ್ಟೇ ಅಗಲ ಬೆಳ್ಳಗಿತ್ತು.

“ಎಂದೂ ಬಿಚ್ಚಿಲ್ಲಾ?”

“ನಿಮ್ಮಪ್ಪ ಸತ್ತಾಗ ಬಳಿ ತಗದ್ರು. ಇದನ್ನೂ ತಗೀತೀನಿ ಅಂತ ನಿಮ್ಮ ದೊಡ್ಡವ್ವ ಕೈ ಹಾಕಿದ್ಲು. ಇದು ಗಂಡ ಕಟ್ಟಿದ್ದಲ್ಲವಾ, ಸರ್ಕಾರ ಕಟ್ಟಿದ್ದು, ಸರ್ಕಾರ ಸತ್ತ ದಿನ ತಗೀತೀನಿ ಅಂದೆ. ಆಕಿ ಇನ್ನೂ ನನ್ನ ಜೋಡಿ ಮಾತಾಡಂಗಿಲ್ಲ.”

ನೀಲಗಂಗಾ ನಕ್ಕಳು. ನಗುತ್ತಲೇ ಅವಳ ಕಣ್ಣು ತಾಯಿಯ ತೋಳಿನ ಮೇಲೆ ನಿಂತಿತು. ಹಂಚಿನ ಕಾವಿಗೆ ಕುತ್ತಿಗೆಯಿಂದ ಇಳಿದ ಬೆವರು ಭುಜ ದಾಟಿ ತೋಳಿಗೆ ಬಂದು ಕರಿದಾರದಲ್ಲಿ ಇಂಗುತ್ತಿತ್ತು. ದಾರದ ಮೇಲೆ ಬಿಳಿಯ ಗೆರೆ. ಮುಟ್ಟಿ ನೋಡಿದಳು. ಉಪ್ಪು ಕಟ್ಟಿ ತಂತಿಯ ಹಾಗೆ ಬಿರುಸಾಗಿತ್ತು.

ಹರಳನ್ನು ಭಾರದ ಹೈಡ್ರೋಜನ್ ಇರುವ ಭಾರಜಲದಲ್ಲಿ ಬೆಳೆಸುತ್ತಾರೆ. ಯಾಕೆಂದರೆ ಸಾಮಾನ್ಯ ನೀರಿನ ಹೈಡ್ರೋಜನ್ ನ್ಯೂಟ್ರಾನನ್ನು ಕಂಡಕಂಡ ದಿಕ್ಕಿಗೆ ಚದುರಿಸುತ್ತದೆ. ಹರಳಿನಲ್ಲಿ ಅದು ಸೇರಿದರೆ ಪರದೆಯ ಮೇಲೆ ಮಬ್ಬು ಬಿಟ್ಟು ಬೇರೇನೂ ಕಾಣದು. ಅದಕ್ಕೇ ಬಿಲ್ಲೆಗೆ ಪ್ಲಾಸ್ಟಿಕ್ಕಿನ ಕವಚ. ಆ ಕವಚ ಮಳೆ ತಡೆಯಬಹುದು. ಹದಿನಾರು ವರ್ಷ, ಒಂದು ದಿನವೂ ಬಿಡದೆ, ಬಿಸಿ ಬೆವರು? ಅದರ ಹೈಡ್ರೋಜನ್ ಒಂದೊಂದಾಗಿ ಒಳಗಿಳಿದು ಭಾರದ ಹೈಡ್ರೋಜನ್ ಇದ್ದ ಜಾಗ ಹಿಡಿದಿರಬೇಕು. ಒಲೆ, ಬಂಡೆಗಳ ಮುಂದೆ ಇಷ್ಟು ಬೆವರದವರ ಬಿಲ್ಲೆಗಳು ಉಳಿದುಕೊಂಡಿರಬೇಕು.

“ಏನ ನೋಡ್ತಿ ಹಂಗ?”

“ಬೆವರು ನೋಡ್ತೀನಿ.”

“ಕಂಡಿಲ್ಲೇನು? ನಿನ್ನ ಕಾಲೇಜಿನ ತನಕ ಕಳಿಸಿದ್ದು ಇದ.” ದುರಗವ್ವ ರೊಟ್ಟಿ ಮಗುಚಿ ಹಾಕಿದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ನೋಟೀಸನ್ನು ಹಿಟ್ಟುಗೈಯಲ್ಲೇ ತೆಗೆದು ಕೊಟ್ಟಳು. “ಒಂದನೇ ತಾರೀಕಿನಿಂದ ನಾ ಯಾರೂ ಅಲ್ಲಂತ. ಕ್ವಾರಿ ಗೇಟಿನ್ಯಾಗ ಓದಿ ಹೇಳಿದ್ರು. ಇದನ್ನ ನೀನ ಬರ್ದಿಯೇನು?”

“ಇಲ್ಲವಾ. ಅದಕ್ಕ ನನ್ನ ಸಹಿ ಬೇಕು. ಇನ್ನೂ ಹಾಕಿಲ್ಲ.”

ದುರಗವ್ವ ಹಿಟ್ಟಿನ ಉಂಡೆಯನ್ನು ಕೈಗೆತ್ತಿಕೊಂಡಳು. “ನೋಡು ನೀಲಾ. ನಿಮ್ಮವ್ವ ಅಂತ ಸುಳ್ಳ ಬರೀಬ್ಯಾಡ. ಖರೇನ ಖೊಟ್ಟಿ ಇದ್ರ ಖೊಟ್ಟಿ ಅಂತ ಬರಿ, ನಾ ಸಿಟ್ಟಾಗಂಗಿಲ್ಲ. ಆದ್ರ ಖೊಟ್ಟಿ ಇಲ್ಲಂದ್ರ, ಯಾಂವ ಬಂದು ಎದಿ ಮ್ಯಾಲೆ ಕುಂತ್ರೂ ಬರೀಬ್ಯಾಡ.” ಉಂಡೆಯನ್ನು ತಟ್ಟಲು ಶುರುಮಾಡಿದಳು. ಆ ಸದ್ದಿನಲ್ಲಿ ಮಾತು ಮುಗಿಯಿತು.

ಕೇಂದ್ರದಲ್ಲಿ ಒಂದು ಹಳೆಯ ಉಪಕರಣವಿತ್ತು. ಆರು ವರ್ಷದಿಂದ ಅದರ ಮೇಲೆ ಬಟ್ಟೆ ಮುಚ್ಚಿತ್ತು. ನ್ಯೂಟ್ರಾನುಗಳನ್ನೆಲ್ಲ ಒಂದೇ ಕಡೆ ಮುಖ ಮಾಡಿಸಿ ಕಳಿಸುವ ಕನ್ನಡಿಗಳ ಸಾಲು ಅದು. ಹಾಗೆ ಕಳಿಸಿದಾಗ ಹೈಡ್ರೋಜನ್ ಎಬ್ಬಿಸುವ ಮಬ್ಬಿಗೆ ಯಾವ ಮುಖವಾದರೂ ಒಂದೇ, ಅದು ಬದಲಾಗುವುದಿಲ್ಲ. ಸರಪಳಿಯ ಕಾಂತಗಳು ಹಾಗಲ್ಲ, ಮುಖ ತಿರುಗಿದರೆ ಅವುಗಳ ಉತ್ತರವೂ ತಿರುಗುತ್ತದೆ. ಮೂರು ಮುಖಗಳಲ್ಲಿ ಅಳೆದು ಒಂದರಿಂದ ಇನ್ನೊಂದನ್ನು ಕಳೆದರೆ ಮಬ್ಬು ತಾನಾಗಿ ಹೋಗಿ ಕಾಂತದ್ದಷ್ಟೇ ಉಳಿಯಬೇಕು. ಆದರೆ ಕನ್ನಡಿಗಳು ಮುಕ್ಕಾಲು ಪಾಲು ನ್ಯೂಟ್ರಾನನ್ನು ನುಂಗಿಬಿಡುತ್ತವೆ. ಹತ್ತು ನಿಮಿಷದ ಕೆಲಸಕ್ಕೆ ಮೂರು ಗಂಟೆ. ಅದಕ್ಕೇ ಮಂಡಳಿ ಅದನ್ನು ಬೇಡವೆಂದಿತ್ತು.

“ಅವ್ವಾರದ್ದು ಇಡ್ಲೇನ್ರಿ ಮದ್ಲ?” ರಾಜೇಸಾಬ ಕೇಳಿದ.

“ಬ್ಯಾಡ. ಪಟ್ಟಿ ಒಂದರಿಂದ ಶುರು ಆಗ್ತೇತಿ.”

ಒಂದನೆಯದು ಹುಲುಗಪ್ಪ ಎಂಬವನದು. ಬಂಡೆಗೆ ತೂತು ಕೊರೆಯುವವನು. ಅವನ ಹರಳನ್ನು ದ್ರವ ಹೀಲಿಯಮ್ಮಿನ ತಣ್ಣನೆಯ ಕೊಳವೆಗೆ ಇಳಿಸಿ, ಕಿರಣದ ಬಾಗಿಲು ತೆರೆದು, ಇಬ್ಬರೂ ಬುತ್ತಿ ಬಿಚ್ಚಿ ಉಂಡರು. ಮೊದಲ ಗಂಟೆ ಮಬ್ಬು. ಎರಡನೆಯ ಗಂಟೆಯೂ ಮಬ್ಬೇ. ಮೂರನೆಯ ಮುಖವೂ ಮುಗಿದು ನೀಲಗಂಗಾ ಕಳೆಯುವ ಲೆಕ್ಕ ಹಾಕಿದಾಗ ಪರದೆಯ ಬೂದಿ ತಳಕ್ಕೆ ಕುಸಿಯಿತು. ಬೂದಿಯೊಳಗಿಂದ ಗೆರೆಗಳು ಎದ್ದು ನಿಂತವು. ಒಂದು, ಎರಡು, ಹನ್ನೊಂದು, ಇಪ್ಪತ್ತಾರು.

ಹದಿನಾರು ವರ್ಷದ ಹಿಂದಿನ ದಾಖಲೆಯ ಪಕ್ಕ ಇಟ್ಟು ನೋಡಿದಳು. ಎಲ್ಲ ಗೆರೆಗಳೂ ಕೂದಲೆಳೆಯಷ್ಟು ಕೆಳಗೆ ಸರಿದಿದ್ದವು. ಹಗುರ ಹೈಡ್ರೋಜನ್ ಬಂದು ಕುಳಿತಿದ್ದರಿಂದ ಕಾಂತಕ್ಕೂ ಕಾಂತಕ್ಕೂ ನಡುವಿನ ಸೆಳೆತ ಒಂದಿಷ್ಟು ಸಡಿಲವಾಗಿತ್ತು. ಆದರೆ ಎಲ್ಲವೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಸರಿದಿದ್ದವು. ಒಂದು ತುಂಡೂ ಕಾಣೆಯಾಗಿರಲಿಲ್ಲ.

“ಮನ್ಯಾಗ ಅದಾರ್ರೀ ಎಲ್ಲಾರೂ!” ಎಂದು ರಾಜೇಸಾಬ ಮೇಜು ಬಡಿದ.

ಮಂಡಳಿಯ ಕಾರ್ಯದರ್ಶಿ ಚಿದಂಬರ ಐತಾಳರು ಸಹಿ ಪಡೆಯಲು ತಾವೇ ಬಂದರು. ಕೇಂದ್ರದ ನಿರ್ದೇಶಕ ಡಾ. ವಾದಿರಾಜ ಗಲಗಲಿಯವರ ಕೋಣೆಯಲ್ಲಿ ಸಭೆ. ಉಪಕರಣದ ವಿವರ ಕೊಡಲು ರಾಜೇಸಾಬನನ್ನೂ ಕರೆದಿದ್ದರು. ಐತಾಳರು ಕೆಟ್ಟವರೇನಲ್ಲ. ನಕಲಿ ಬಿಲ್ಲೆ ತೋರಿಸಿ ಹಿಂದಿನ ವರ್ಷ ಯಾರೋ ಎರಡು ಆಸ್ಪತ್ರೆಗಳ ಔಷಧಿ ಹೊತ್ತೊಯ್ದಿದ್ದರು. ಆಗ ಉತ್ತರ ಕೊಡಲಾಗದೆ ನಿಂತವರು ಅವರೇ. ಈ ಸಲ ಸಡಿಲ ಬಿಡಬಾರದೆಂದು ನಿರ್ಧರಿಸಿಕೊಂಡೇ ಬಂದಿದ್ದರು. ನೀಲಗಂಗಾಳ ಗೆರೆಗಳನ್ನು ತಾಳ್ಮೆಯಿಂದ ನೋಡಿದರು.

“ಒಂದಕ್ಕೆ ಮೂರು ಗಂಟೆ. ಮುನ್ನೂರ ಹನ್ನೆರಡಕ್ಕೆ?”

“ಮೂವತ್ತೊಂಬತ್ತು ದಿನ, ಹಗಲು ರಾತ್ರಿ ನಡೆಸಿದ್ರೆ.”

“ಆಗೋದಿಲ್ಲ ಮೇಡಂ. ನಾಡಿನ ಉಳಿದ ಬಿಲ್ಲೆಗಳೆಲ್ಲ ಕಾಯ್ತಾ ಇವೆ. ಇನ್ನೊಂದು ವಿಷಯ. ಪಟ್ಟಿಯಲ್ಲಿ ಇನ್ನೂರ ಹದಿನೇಳನೆಯವರು ನಿಮ್ಮ ತಾಯಿ ಅಲ್ವಾ?”

“ಹೌದು. ಮೊದಲನೇ ಪುಟದಲ್ಲೇ ಬರೆದುಕೊಟ್ಟಿದೀನಿ. ಅವರ ಬಿಲ್ಲೆ ಇನ್ನೂ ಮುಟ್ಟಿಲ್ಲ. ಅದನ್ನ ಅಳೆಯುವಾಗ ಬೇರೆ ಯಾರಾದ್ರೂ ಪಕ್ಕದಲ್ಲಿ ಕೂತಿರಲಿ.”

“ನೀವು ಹೇಳಿದ್ದೇ ನಿಜ ಅಂತಿಟ್ಕೊಳ್ಳಿ. ತಪ್ಪು ಯಾರದು? ಹದಿನಾಲ್ಕನೆಯ ಸೂಚನೆ ಸ್ಪಷ್ಟವಾಗಿದೆ. ಡಬ್ಬಿಯಲ್ಲಿಡಿ ಅಂದ್ರೆ ಮೈಗೆ ಕಟ್ಕೊಂಡ್ರು. ತಿಳಿವಳಿಕೆ ಇಲ್ಲದ ಜನ ಮಾಡಿದ್ದಕ್ಕೆ ಮಂಡಳಿ ಏನು ಮಾಡೋಕಾಗುತ್ತೆ?”

“ನಿಮ್ಮದು ಎಲ್ಲಿದೆ ಸರ್?”

ಐತಾಳರು ಜೇಬಿನಿಂದ ಚರ್ಮದ ಪುಟ್ಟ ಚೀಲ ತೆಗೆದು, ಅದರೊಳಗಿನ ಡಬ್ಬಿ ತೆರೆದು ತೋರಿಸಿದರು. ಬಿಲ್ಲೆ ಹೊಸದರ ಹಾಗೆ ಹೊಳೆಯುತ್ತಿತ್ತು.

“ಕಾಕಾ, ನಿಮ್ಮದು?”

ರಾಜೇಸಾಬ ನಾಚಿಕೊಂಡು ಅಂಗಿ ಎತ್ತಿದ. ಉಡದಾರಕ್ಕೆ ತೂಗುತ್ತಿತ್ತು. “ಇಪ್ಪತ್ತ ವರ್ಷ ಇದ ಯಂತ್ರದ ಮುಂದ ಕುಂತೀನ್ರಿ. ಆದ್ರೂ ಡಬ್ಬಿ ನೆನಪಾಗಿಲ್ಲ.”

ನೀಲಗಂಗಾ ನಿರ್ದೇಶಕರ ಕಡೆ ತಿರುಗಿದಳು. ಗಲಗಲಿಯವರ ಕೈ ತಾನಾಗಿಯೇ ಎದೆಯ ಮೇಲೆ ಹೋಗಿತ್ತು. ಅವರ ತಿಜೋರಿಯ ಕೀಲಿಕೈ ಜನಿವಾರದಲ್ಲಿರುತ್ತದೆಂದು ಇಡೀ ಕೇಂದ್ರಕ್ಕೇ ಗೊತ್ತು. ಕೀಲಿಕೈ ತೆಗೆಯುವಾಗ ಅದರ ಪಕ್ಕದಲ್ಲಿ ಹಸಿರಿನದೊಂದು ಮಿನುಗುವುದನ್ನೂ ಅವಳು ಹಲವು ಸಲ ಕಂಡಿದ್ದಳು.

“ಸ್ನಾನ, ಸಂಧ್ಯಾವಂದನೆ ಎಲ್ಲಾ ಇದರ ಜೋಡಿನೇ ಆಗೇದ,” ಎಂದರು ಗಲಗಲಿ, ನೆಲ ನೋಡುತ್ತ. “ದಿನಾ ಎರಡ ಹೊತ್ತು ನೀರ ಹಾಕ್ಕೊಂಡೀನಿ. ನಂದು ಬರೋ ತಿಂಗಳ ಪರೀಕ್ಷಾಕ್ಕ ಬರತದ.”

“ಅದೂ ಮಬ್ಬೇ ಬರುತ್ತೆ ಸರ್,” ಎಂದಳು ನೀಲಗಂಗಾ. “ಐತಾಳ ಸರ್, ನಿಮ್ಮ ಬಿಲ್ಲೆ ಚೆನ್ನಾಗಿದೆ. ಸಂತೋಷ. ಅದನ್ನ ಮಾಡಿದೋರು ನಿಮ್ಮ ಮೇಜು, ನಿಮ್ಮ ಡಬ್ಬಿ ನೋಡಿ ಮಾಡಿದ್ರು. ಒಲೆ ಮುಂದೆ ಕೂರೋರು, ಬಂಡೆ ಮೇಲೆ ನಿಲ್ಲೋರು ಅವರ ಲೆಕ್ಕದಲ್ಲೇ ಇರಲಿಲ್ಲ. ಬೆವರು ತಡೆಯದ ಗುರುತನ್ನ ಬೆವರೋ ಜನಕ್ಕೆ ಕೊಟ್ಟು, ಈಗ ನೀವು ನಕಲಿ ಅಂತೀರಿ. ನಕಲಿ ಅವರಲ್ಲ. ನಾನು ಸಹಿ ಹಾಕೋದಿಲ್ಲ.”

“ಹಾಗಾದ್ರೆ ನಿಮ್ಮನ್ನ ಈ ಕೆಲಸದಿಂದ ಬಿಡಿಸಬೇಕಾಗುತ್ತೆ. ಆ ಹುದ್ದೆ ಖಾಲಿಯಾದ್ರೆ ನಿರ್ದೇಶಕರ ಸಹಿ ನಡೆಯುತ್ತೆ.” ಐತಾಳರು ಪ್ರಮಾಣಪತ್ರವನ್ನು ಗಲಗಲಿಯವರ ಮುಂದೆ ಸರಿಸಿದರು.

ಗಲಗಲಿಯವರು ಲೇಖನಿ ಎತ್ತಿಕೊಂಡರು. ಮುಚ್ಚಳ ತೆಗೆದು, ಮತ್ತೆ ಹಾಕಿದರು. ನಿವೃತ್ತಿಗೆ ಎರಡು ವರ್ಷವಿದ್ದ, ಜಗಳವಾಡಿ ಗೊತ್ತಿಲ್ಲದ ಮನುಷ್ಯ. ಕೊನೆಗೆ ಅಂಗಿಯ ಗುಂಡಿ ಬಿಚ್ಚಿ, ಜನಿವಾರದ ಗಂಟು ಸಡಿಲಿಸಿ, ತಮ್ಮ ಬಿಲ್ಲೆಯನ್ನು ಪ್ರಮಾಣಪತ್ರದ ಮೇಲಿಟ್ಟರು.

“ಇದಕ್ಕ ಸಹಿ ಮಾಡಿದ್ರ ಬರೋ ತಿಂಗಳ ನಾನೂ ಖೊಟ್ಟಿ ಆಗ್ತೀನಿ, ಐತಾಳ್ರೇ. ಇವರು ತಿಳಿವಳಿಕಿ ಇಲ್ಲದವ್ರು ಅಂದ್ರಲ್ಲ, ನಾ ಭೌತಶಾಸ್ತ್ರದಾಗ ಡಾಕ್ಟರೇಟ್ ಮಾಡೀನಿ.” ನೀಲಗಂಗಾಳ ಕಡೆ ತಿರುಗಿದರು. “ಮೂವತ್ತೊಂಬತ್ತ ದಿನ ತಗೋರಿ. ನಂದು ಮುನ್ನೂರ ಹದಿಮೂರನೇದ್ದು.”

ಐತಾಳರು ಹೋಗುವ ಹಾದಿಯಲ್ಲೇ ಬೆಂಗಳೂರಿನ ಮಂಡಳಿ ಕಚೇರಿಗೆ ಫೋನು ಹಚ್ಚಿದರು.

ಕಿರಣದ ಬಾಗಿಲು ತೆರೆಯಿತು. ದಿನಕ್ಕೆ ಎಂಟು ಬಿಲ್ಲೆ. ನೀಲಗಂಗಾ, ರಾಜೇಸಾಬ, ಇನ್ನಿಬ್ಬರು ಪಾಳಿ ಹಚ್ಚಿಕೊಂಡರು. ಸುದ್ದಿ ಇಳಕಲ್ಲಿಗೆ ಮುಟ್ಟಿ ಮೂರನೆಯ ದಿನಕ್ಕೆ ಕೇಂದ್ರದ ಗೇಟಿನ ಹೊರಗೆ ಜನ ಬಂದು ಕುಳಿತರು. ಚೀಟಿ ತೋರಿಸಿದರೆ ಬಸ್ಸಿನವನು ಹತ್ತಿಸಿಕೊಳ್ಳದ್ದರಿಂದ ಕಲ್ಲಿನ ಲಾರಿಗಳಲ್ಲಿ ಬಂದಿದ್ದರು. ಯಾರ ಗೆರೆ ಮೂಡಿತೋ ಅವರ ಹೆಸರನ್ನು ರಾಜೇಸಾಬ ಧ್ವನಿವರ್ಧಕದಲ್ಲಿ ಕೂಗುತ್ತಿದ್ದ. ಕರೆದವರು ಎದ್ದು, ಬಿಲ್ಲೆ ಪಡೆದು, ಹೋಗದೆ ಅಲ್ಲೇ ಕುಳಿತುಕೊಳ್ಳುತ್ತಿದ್ದರು. ಉಳಿದವರದು ಮುಗಿಯಲಿ ಅಂತ.

ಒಂಬತ್ತನೆಯ ದಿನ ನೀಲಗಂಗಾಳ ಹೆಸರಿಗೆ ಮಂಡಳಿಯ ಕಾಗದ ಬಂತು. ಮರುಪರೀಕ್ಷೆ ಮುಗಿದ ಕೂಡಲೇ ದೃಢೀಕರಣದ ಹುದ್ದೆಯಿಂದ ಅವಳನ್ನು ತೆಗೆದುಹಾಕಲಾಗುವುದು, ಶಿಸ್ತಿನ ವಿಚಾರಣೆ ನಡೆಯುವುದು. ಅವಳು ಅದನ್ನು ಎರಡು ಸಲ ಓದಿ, ಒಂದು ಅಯಸ್ಕಾಂತದಿಂದ ನಿಯಂತ್ರಣ ಕೊಠಡಿಯ ಕಬ್ಬಿಣದ ಕಪಾಟಿಗೆ ಅಂಟಿಸಿದಳು.

“ಓದಿದ್ರೇನ್ರಿ ಪೂರಾ?” ರಾಜೇಸಾಬ ಕೇಳಿದ.

“ಓದ್ದೆ. ಎಪ್ಪತ್ಮೂರನೇದ್ದು ಇಡ್ರಿ.”

ಎಂಬತ್ತೆಂಟನೆಯ ಬಿಲ್ಲೆಯೊಳಗೆ ಸರಪಳಿಯೇ ಇರಲಿಲ್ಲ. ಮೂರು ಮುಖದಿಂದ ಅಳೆದರೂ ಏನೂ ಉಳಿಯಲಿಲ್ಲ. ಕವಚ ಒಡೆದು ನೋಡಿದರೆ ಹಸಿರು ಗಾಜು. ಅದೊಂದಕ್ಕೆ ನೀಲಗಂಗಾ ‘ನಕಲಿ’ ಎಂದು ಬರೆದು, ತಾರೀಕು ಹಾಕಿ, ಸ್ಪಷ್ಟವಾಗಿ ಸಹಿ ಮಾಡಿ ಐತಾಳರಿಗೆ ಕಳಿಸಿದಳು.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಇನ್ನೂರ ಹದಿನೇಳರ ಸರದಿ ಬಂತು. ದುರಗವ್ವನನ್ನು ಮೊದಲೇ ಕರೆಯಬಹುದಿತ್ತೆಂದು ಗೇಟಿನಲ್ಲಿ ಯಾರೋ ಅಂದದ್ದಕ್ಕೆ ಅವಳು, “ನಾ ಸಾಲಿನ್ಯಾಗ ಬರ್ತೀನಿ, ನಿಮ್ಮ ಸಲುವಾಗಿ ಅಲ್ಲ, ನನ್ನ ಮಗಳ ಸಲುವಾಗಿ” ಎಂದಿದ್ದಳಂತೆ. ಅಳೆಯುವಾಗ ಗಲಗಲಿಯವರು ಬಂದು ಪಕ್ಕದಲ್ಲಿ ಕುಳಿತರು. ಮೂರು ಗಂಟೆ. ಇಷ್ಟು ದಟ್ಟ ಮಬ್ಬನ್ನು ನೀಲಗಂಗಾ ಬೇರಾವ ಬಿಲ್ಲೆಯಲ್ಲೂ ಕಂಡಿರಲಿಲ್ಲ. ಕಳೆಯುವ ಲೆಕ್ಕ ಹಾಕುವ ಗುಂಡಿ ಒತ್ತುವಾಗ ಅವಳ ಬೆರಳು ಒಂದು ಕ್ಷಣ ನಿಂತಿತು. ಖರೇನ ಖೊಟ್ಟಿ ಇದ್ದರೆ ಖೊಟ್ಟಿ ಅಂತ ಬರಿ. ಒತ್ತಿದಳು.

ಮೂವತ್ತೊಂದು ಗೆರೆ. ಮೂವತ್ತೊಂದೂ ಇದ್ದವು.

ಗಲಗಲಿಯವರು ದಾಖಲೆ ಹೋಲಿಸಿ ಮೊದಲು ತಾವು ಸಹಿ ಹಾಕಿದರು. ನೀಲಗಂಗಾ ಬಿಲ್ಲೆ, ದಾಖಲೆಯ ಹಾಳೆ, ಮಂಡಳಿಯಿಂದ ಬಂದ ಹೊಸ ಡಬ್ಬಿಯೊಂದನ್ನು ಹಿಡಿದು ಗೇಟಿಗೆ ನಡೆದಳು. ಬಿಲ್ಲೆ ಕೊಡುವ ಮೊದಲು ಹೆಸರನ್ನು ಪಡೆಯುವವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂಬುದು ನಿಯಮ. ಇನ್ನೂರ ಹದಿನೈದು ಹೆಸರು ಹಾಗೆಯೇ ಮುಗಿದಿದ್ದವು.

“ನಿಮ್ಮ ಹೆಸರು ಹೇಳ್ರಿ,” ಎಂದಳು.

ಲಾರಿಯ ನೆರಳಿನಲ್ಲಿ ಕುಳಿತಿದ್ದ ದುರಗವ್ವ ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಮಗಳನ್ನು ಮೊದಲ ಸಲ ಕಂಡವಳಂತೆ ನೇರವಾಗಿ ನೋಡಿ, ಗೇಟಿನ ಆಚೆಯ ಸಾಲಿಗೂ ಕೇಳುವ ಹಾಗೆ ಹೇಳಿದಳು: “ದುರಗವ್ವ. ಗಂಡ ಯಮನಪ್ಪ. ಬಂಡೆಪ್ಪನವರ. ದಪ್ಪ ಅಕ್ಷರದಾಗ ಬರಿ.”

ನೀಲಗಂಗಾ ಬರೆದಳು. ಬಿಲ್ಲೆಯನ್ನೂ ಡಬ್ಬಿಯನ್ನೂ ಕೊಟ್ಟಳು. ದುರಗವ್ವ ಡಬ್ಬಿಯನ್ನು ತಿರುಗಿಸಿ ನೋಡಿದಳು, ಮುಚ್ಚಳ ತೆಗೆದು ಮೂಸಿದಳು. ಸೆರಗಿನ ಗಂಟಿನಿಂದ ಎಲೆ-ಅಡಿಕೆ ತೆಗೆದು ಅದರೊಳಗೆ ತುಂಬಿ ಟಪ್ಪೆಂದು ಮುಚ್ಚಿದಳು. ಆಮೇಲೆ ತೋಳು ಮುಂದೆ ಚಾಚಿ, ಬಿಲ್ಲೆಯನ್ನು ಅದೇ ಉಪ್ಪು ಹಿಡಿದ ಕರಿದಾರಕ್ಕೆ ಪೋಣಿಸಿ, ಹಲ್ಲಿನಿಂದ ಎಳೆದು ಗಂಟು ಹಾಕಿದಳು.

“ಯವ್ವಾ! ಮತ್ತ ಮಬ್ಬ ಹಿಡೀತೈತಿ ಅದು!”

“ಹಿಡೀಲಿ.” ದುರಗವ್ವ ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ನೋಡಿದಳು. “ಬೆವರ ನಾ ಬಿಡಂಗಿಲ್ಲ. ಮತ್ತ ಮಬ್ಬ ಹಿಡದ್ರ ಮತ್ತ ನೋಡು. ನಿನ್ನ ಓದ್ಸಿದ್ದು ಮತ್ತ್ಯಾಕ?”

ಧ್ವನಿವರ್ಧಕದಲ್ಲಿ ರಾಜೇಸಾಬ ಇನ್ನೂರ ಹದಿನೆಂಟನೆಯದನ್ನು ಕೊಳವೆಗೆ ಇಳಿಸಿದ್ದೇನೆಂದು ಕೂಗಿದ. ನೀಲಗಂಗಾ ಒಳಕ್ಕೆ ಓಡಿದಳು.